ಮನೆಯ ಯಜಮಾನಿಕೆ ಮತ್ತು ದೇವರ ಅಧಿಕಾರ

ಶಿಕಾರಿಪುರ, ಸೊರಬಗಳ ಕಥೋಲಿಕ ಕುಟುಂಬಗಳು 1988ರಲ್ಲಿ ರಚನೆಯಾದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ, ಅಂದರೆ ಬಿಷಪರೊಬ್ಬರ ಆಡಳಿತದ ವ್ಯಾಪ್ತಿಗೆ, ಸೇರಿದ್ದು, ಅವರ ಗೃಹಧರ್ಮಕ್ಕೆ ಬೈಬಲಿನ ಎಫೆಸದವರಿಗೆ ಬರೆದ ಪತ್ರದ 5ನೆಯ ಅಧ್ಯಾಯ ಮುಖ್ಯ ಆಧಾರ. ಹೆಂಡತಿ ಗಂಡನಿಗೆ ಅಧೀನಳಾಗಿರಬೇಕೆಂಬ 22ನೆಯ ವಚನವನ್ನಷ್ಟೇ ಎತ್ತಿ ಹೇಳುವವರು, ಕ್ರಿಸ್ತನ ಮೇಲಿನ ಭಯಭಕ್ತಿಯಿಂದ ಎಲ್ಲರೂ ಒಬ್ಬರಿಗೊಬ್ಬರು ಅಧೀನರಾಗಿರಬೇಕೆನ್ನುವ ಹಿಂದಿನ ವಚನವನ್ನು ಮರೆಯುವುದು ವಿಷಾದಕರ. ಪತ್ನಿಯರಿಗೆ 3 ವಚನಗಳಿದ್ದರೆ ಪತಿಯರಿಗೆ ಅದರ ಇಮ್ಮಡಿಗೂ ಹೆಚ್ಚಿವೆ. ಕ್ರಿಸ್ತನು ಧರ್ಮಸಭೆಗಾಗಿ, ಎಂದರೆ ವಿಶ್ವಾಸಿಗಳ ಸಮುದಾಯಕ್ಕಾಗಿ, ಪ್ರಾಣ ಕೊಟ್ಟಂತೆ ಗಂಡನು ಹೆಂಡತಿಯನ್ನು ಪ್ರೀತಿಸಬೇಕೆಂಬ ಮಾತು, ಮನೆಯ ಯಜಮಾನನಿಗೆ ಮಕ್ಕಳ, ದಾಸರ ಮೇಲೆ ಅಪಾರ ಅಧಿಕಾರವಿದ್ದ ರೋಮನ್ ಕಾಲಕ್ಕೆ ಸಣ್ಣದಲ್ಲ. ಆ ಯಜಮಾನನೂ ಪರಲೋಕದ ಯಜಮಾನನಿಗೆ ಒಳಪಟ್ಟವನೆಂದು 6ನೆಯ ಅಧ್ಯಾಯ ನೆನಪಿಸುತ್ತದೆ. ಜಗದ್ಗುರು ಎರಡನೆಯ ಜಾನ್ ಪಾಲ್ 1988ರಲ್ಲೇ ಹೊರಡಿಸಿದ ‘ಮುಲಿಯೆರಿಸ್ ಡಿಗ್ನಿಟಾಟೆಮ್’ ಪತ್ರವು ದಂಪತಿಗಳ ಅಧೀನತೆಯನ್ನು ಪರಸ್ಪರವಾದದ್ದೆಂದೇ ವಿವರಿಸಿತು.