ಕಾಳಿನ ಒಳತೇವ: ಮಾಪಕವನ್ನು ಸರಿಯಾಗಿ ಬಳಸುವ ಕ್ರಮ

ಮುಂಗಾರಿನ ಗೋವಿನಜೋಳ ಮತ್ತು ಸೋಯಾಅವರೆ ಕಣಕ್ಕೆ ಬರುವ ಹೊತ್ತಿಗೇ ಹಿಂಗಾರಿ ಮಳೆಯೂ ಬರುತ್ತದೆ. ಉಗಾರ ಬುದ್ರುಕ, ಕಾಗವಾಡ, ಅಥಣಿ, ರಾಯಬಾಗ ಭಾಗದ ರೈತರಿಗೆ ಇದು ಹೊಸದಲ್ಲ. ಸಿಕ್ಕ ಎರಡು ದಿನದ ಬಿಸಿಲಿಗೆ ಒಣಗಿಸಿ, ಹಲ್ಲಿನಿಂದ ಕಡಿದು ನೋಡಿ ಚೀಲ ತುಂಬುವುದು ರೂಢಿ. ಮೇಲೆ ಒಣಗಿದ ಕಾಳಿನ ಒಳಗೆ ತೇವ ಉಳಿದಿದ್ದರೆ ಕೆಲವು ವಾರಗಳಲ್ಲಿ ಚೀಲ ಕಾವೇರಿ, ಮುಗ್ಗಲು ವಾಸನೆ ಹೊಡೆಯುತ್ತದೆ. ಈ ಒಳತೇವವನ್ನು ಮೊದಲೇ ತಿಳಿಯಲು ತೇವಾಂಶ ಮಾಪಕ ನೆರವಾಗುತ್ತದೆ. ಆದರೆ ಬಳಸುವ ಕ್ರಮ ತಪ್ಪಿದರೆ ಅದೂ ಮೋಸಗೊಳಿಸುತ್ತದೆ.

ಎಷ್ಟು ತೇವ ಇರಬಹುದು?

ಬೆಂಬಲ ಬೆಲೆ ಖರೀದಿಯ ಸಾಮಾನ್ಯ ಮಾನದಂಡದಂತೆ ಗೋವಿನಜೋಳದಲ್ಲಿ ಶೇಕಡಾ 14, ಸೋಯಾಅವರೆಯಲ್ಲಿ ಶೇಕಡಾ 12ರವರೆಗೆ ತೇವಾಂಶ ಇರಬಹುದು. ಗೋವಿನಜೋಳವನ್ನು ತಿಂಗಳುಗಟ್ಟಲೆ ಇಡುವುದಾದರೆ ಶೇಕಡಾ 12ಕ್ಕೆ ಇಳಿಸುವುದು ಒಳ್ಳೆಯದು. ತೇವ ಹೆಚ್ಚಿದ್ದರೆ ಆಸ್ಪರ್ಜಿಲಸ್ ಜಾತಿಯ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಉತ್ಪತ್ತಿಯಾಗಬಹುದು. ಅಡಿಗೆಯ ಕಾವಿಗೆ ಈ ವಿಷ ನಾಶವಾಗದು. ಅಂತಹ ಕಾಳನ್ನು ದನಕರುಗಳಿಗೂ ಕೋಳಿಗಳಿಗೂ ಹಾಕಬಾರದು.

ಹಾಗೆಂದು ಅತಿಯಾಗಿ ಒಣಗಿಸುವುದೂ ನಷ್ಟವೇ. ಶೇಕಡಾ 18 ತೇವವಿರುವ 100 ಕಿಲೋ ಗೋವಿನಜೋಳ ಶೇಕಡಾ 14ಕ್ಕೆ ಇಳಿದಾಗ ಸುಮಾರು 95.3 ಕಿಲೋ ತೂಗುತ್ತದೆ. ಶೇಕಡಾ 10ಕ್ಕೆ ಇಳಿದಾಗ 91.1 ಕಿಲೋ. ಕೂಡಲೇ ಮಾರುವ ಮಾಲನ್ನು ಶೇಕಡಾ 10ಕ್ಕೆ ಒಣಗಿಸಿದವನು ಕ್ವಿಂಟಲಿಗೆ ಸುಮಾರು 4 ಕಿಲೋ ತೂಕ ಕಳೆದುಕೊಳ್ಳುತ್ತಾನೆ.

ಮಾಪಕ ಅಳೆಯುವುದು ಏನನ್ನು?

ಮಾಪಕವು ನೀರನ್ನು ನೇರವಾಗಿ ಅಳೆಯುವುದಿಲ್ಲ. ಒಂದು ಬಗೆಯ ಮಾಪಕ ವಿದ್ಯುತ್ತಿಗೆ ಕಾಳು ಒಡ್ಡುವ ತಡೆಯನ್ನು ಅಳೆಯುತ್ತದೆ. ತೇವ ಹೆಚ್ಚಿದಂತೆ ತಡೆ ಕಡಿಮೆಯಾಗುತ್ತದೆ. ಇನ್ನೊಂದು ಬಗೆಯದು ಬಟ್ಟಲಿನಲ್ಲಿ ತುಂಬಿದ ಕಾಳು ವಿದ್ಯುತ್ ಕ್ಷೇತ್ರವನ್ನು ಎಷ್ಟು ಬದಲಿಸುತ್ತದೆಂಬುದನ್ನು ನೋಡುತ್ತದೆ. ಮರದ ದಿಮ್ಮಿ, ಮನೆಯ ಗೋಡೆ, ಫೈಬರ್ ದೋಣಿಗಳ ಒಳತೇವ ನೋಡುವ ಮಾಪಕಗಳೂ ಇದೇ ತತ್ವದವು. ಆದುದರಿಂದ ಕಾಳಿನ ಜಾತಿ, ಬಿಸಿ, ಕಸಕಡ್ಡಿ ಇವೆಲ್ಲವೂ ಅಂಕಿಯನ್ನು ಬದಲಿಸುತ್ತವೆ. ಗೋಧಿಗೆ ಹೊಂದಿಸಿದ ಮಾಪಕದಲ್ಲಿ ಸೋಯಾಅವರೆ ಹಾಕಿದರೆ ಬರುವ ಅಂಕಿಗೆ ಬೆಲೆಯಿಲ್ಲ.

ಬಿಸಿಲಿನಿಂದ ಆಗತಾನೆ ತೆಗೆದ ಕಾಳಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅದರ ಸಿಪ್ಪೆ ಒಣಗಿರುತ್ತದೆ, ತಿರುಳಿನಲ್ಲಿ ತೇವ ಇರುತ್ತದೆ. ಆಗ ಮಾಪಕ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ರಾತ್ರಿಯಿಡೀ ಮುಚ್ಚಿಟ್ಟರೆ ಒಳತೇವ ಹೊರಗೆ ಹರಡಿ, ಮರುದಿನ ಅಂಕಿ ಏರುತ್ತದೆ. ಸಂಜೆ ಅಳೆದು ಅಂದೇ ಚೀಲ ಹೊಲಿದವರು ಮೋಸ ಹೋಗುವುದು ಇಲ್ಲಿಯೇ. ಇದಕ್ಕೆ ವಿರುದ್ಧವಾಗಿ, ಮಂಜು ಅಥವಾ ತುಂತುರು ಮಳೆ ತಾಗಿ ಮೇಲಷ್ಟೇ ಒದ್ದೆಯಾದ ಕಾಳಿಗೆ ಅಂಕಿ ನಿಜಕ್ಕಿಂತ ಹೆಚ್ಚು ಬರುತ್ತದೆ.

ಅಳೆಯುವ ಕ್ರಮ

1. ರಾಶಿಯ ಮೇಲೆ, ನಡುವೆ, ತಳದಲ್ಲಿ ಹಲವು ಕಡೆಯಿಂದ ಕಾಳು ತೆಗೆದು ಬೆರೆಸಿರಿ. ಚೀಲವಾದರೆ ಚುಚ್ಚುಗೊಳವೆಯಿಂದ ನಡುವಿನ ಕಾಳನ್ನೂ ತೆಗೆಯಿರಿ.

2. ಕಸ, ಮಣ್ಣು, ಒಡಕು ಕಾಳು ತೆಗೆದು, ಕಾಳು ತಣ್ಣಗಾದ ಮೇಲೆ ಅಳೆಯಿರಿ.

3. ಮಾಪಕವನ್ನು ಆಯಾ ಬೆಳೆಗೆ ಹೊಂದಿಸಿರಿ. ಬಟ್ಟಲು ಒಣಗಿದೆಯೇ, ಬ್ಯಾಟರಿ ಸರಿಯಿದೆಯೇ ನೋಡಿರಿ.

4. ಮೂರು ಸಲ ಅಳೆದು ಸರಾಸರಿ ಹಿಡಿಯಿರಿ. ಮೂರು ಅಂಕಿಗಳಲ್ಲಿ ಬಹಳ ಅಂತರ ಕಂಡರೆ ರಾಶಿ ಒಂದೇ ಸಮನಾಗಿ ಒಣಗಿಲ್ಲವೆಂದು ತಿಳಿಯಿರಿ.

5. ಮರುದಿನ ಬೆಳಿಗ್ಗೆ ಮತ್ತೊಮ್ಮೆ ಅಳೆದು, ಅಂಕಿ ಏರದಿದ್ದರೆ ಮಾತ್ರ ಚೀಲ ತುಂಬಿರಿ.

ಹಂಗಾಮಿಗೊಮ್ಮೆ ಮಾಪಕವನ್ನು ಪ್ರಯೋಗಶಾಲೆಯ ಓವನ್ ಪರೀಕ್ಷೆಯೊಡನೆ ಹೋಲಿಸಿ ನೋಡುವುದು ಅವಶ್ಯ. ಒಬ್ಬರಿಗೆ ಕೊಳ್ಳುವುದು ಭಾರವಾದರೆ ಸಹಕಾರಿ ಸಂಘ ಅಥವಾ ರೈತರ ಗುಂಪು ಒಂದು ಮಾಪಕವನ್ನು ಇಟ್ಟುಕೊಳ್ಳಬಹುದು.

ಮಾಪಕ ಇಲ್ಲದವರು ಒಣಗಿದ ಗಾಜಿನ ಶೀಸೆಗೆ ಕಾಳು ಮತ್ತು ಸ್ವಲ್ಪ ಒಣ ಪುಡಿ ಉಪ್ಪು ಹಾಕಿ, ಮುಚ್ಚಿ, ಚೆನ್ನಾಗಿ ಅಲ್ಲಾಡಿಸಿ, ಕೆಲವು ನಿಮಿಷ ಬಿಡಬೇಕು. ಉಪ್ಪು ಗಾಜಿಗೆ ಅಂಟಿದರೆ ತೇವ ಸುಮಾರು ಶೇಕಡಾ 15ಕ್ಕಿಂತ ಹೆಚ್ಚಿದೆಯೆಂದು ತಿಳಿಯಬೇಕು. ಅಂಟದಿದ್ದರೆ ಶೇಕಡಾ 12ಕ್ಕೆ ಇಳಿದಿದೆ ಎಂದು ಮಾತ್ರ ತಿಳಿಯಬಾರದು.

ಗೋಡೆ, ನೆಲದ ಕಡೆಗೂ ಗಮನ

2019 ಮತ್ತು 2021ರಲ್ಲಿ ಕೃಷ್ಣೆಯ ನೆರೆ ದಂಡೆಯ ಹಳ್ಳಿಗಳನ್ನು ಹೊಕ್ಕಿತು. ಹೀಗೆ ನೀರು ಕುಡಿದ ಗೋಡೆ ಮತ್ತು ನೆಲ ಮೇಲ್ನೋಟಕ್ಕೆ ಒಣಗಿದರೂ ಒಳಗೆ ಬಹುಕಾಲ ತೇವ ಹಿಡಿದಿರುತ್ತವೆ. ಅವುಗಳಿಗೆ ತಾಗಿಸಿ ಒಟ್ಟಿದ ಚೀಲ ಆ ತೇವವನ್ನು ಹೀರುತ್ತದೆ. ಆದುದರಿಂದ ಚೀಲಗಳನ್ನು ಮರದ ಹಲಗೆಗಳ ಮೇಲೆ, ಗೋಡೆಯಿಂದ ಒಂದೂವರೆ ಅಡಿ ದೂರ ಒಟ್ಟಬೇಕು. ತಿಂಗಳಿಗೊಮ್ಮೆ ತಳದ ಮತ್ತು ಗೋಡೆ ಕಡೆಯ ಚೀಲಗಳಿಂದ ಕಾಳು ತೆಗೆದು ಅಳೆಯಬೇಕು. ಅಂಕಿ ಏರುತ್ತಿದ್ದರೆ ತಡಮಾಡದೆ ಬಿಚ್ಚಿ ಒಣಗಿಸಬೇಕು.

ಮಾಲನ್ನು ಪೇಟೆಗೆ ಒಯ್ಯುವ ಮುನ್ನ ಮನೆಯಲ್ಲಿಯೇ ಅಳೆದು, ಅಂಕಿಯನ್ನು ತಾರೀಖಿನೊಡನೆ ಬರೆದಿಟ್ಟುಕೊಳ್ಳಿರಿ. ತೇವದ ಹೆಸರಿನಲ್ಲಿ ತೂಕ ಮುರಿಯುವ ಮಾತು ಬಂದಾಗ, ತಮ್ಮ ಮುಂದೆಯೇ ಇನ್ನೊಮ್ಮೆ ಅಳೆಯಿರೆಂದು ಕೇಳಲು ಈ ಬರಹ ಆಧಾರವಾಗುತ್ತದೆ.