ಹತ್ತು ಪುಟ, ಒಂದೇ ಓಟು

ಕಿತ್ತೂರು ತಾಲೂಕಿನ ದೇಗಾಂವಕ್ಕೆ ಹೊರಗಿನವರು ಬರುವುದು ಕಮಲನಾರಾಯಣ ಗುಡಿ ನೋಡಲು. ಗೋವೆಯ ಕದಂಬ ದೊರೆ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ 12ನೇ ಶತಮಾನದಲ್ಲಿ ಕಟ್ಟಿಸಿದ ಗುಡಿ ಅದು. ಬಂದವರಿಗೆಂದು ಅಲ್ಲೊಬ್ಬರು ನಾಳೆ ರೊಟ್ಟಿ ಖಾನಾವಳಿ ತೆರೆದರು ಎಂದಿಟ್ಟುಕೊಳ್ಳಿ. ವೆಬ್‌ಸೈಟ್ ಮಾಡಿಕೊಡುವ ಹುಡುಗ ಕೇಳಿಯೇ ಕೇಳುತ್ತಾನೆ: “ಅಕ್ಕಾರ, ಗೂಗಲ್‌ಗಷ್ಟ ಸಾಕೋ, ಬಿಂಗ್, ಯಾಹೂಕ್ಕೂ ಮಾಡಬೇಕೋ?” ಒಂದೊಂದಕ್ಕೂ ಬೇರೆ ರೊಕ್ಕ ಹೇಳಿದರೂ ಆಶ್ಚರ್ಯವಿಲ್ಲ.

ಉತ್ತರದ ದೊಡ್ಡ ಪಾಲು 1998ರಲ್ಲೇ ಸಿಕ್ಕಿತ್ತು. ಕಂಡುಕೊಂಡ ಇಬ್ಬರಲ್ಲಿ ಒಬ್ಬರು ಬೆಂಗಳೂರಿನ ಕೃಷ್ಣ ಭರತ್, ಇನ್ನೊಬ್ಬರು ಜರ್ಮನಿಯ ಮೋನಿಕಾ ಹೆನ್‌ಜಿಂಗರ್. ಆಲ್ಟಾವಿಸ್ಟಾ ಎಂಬ ಆಗಿನ ಹೆಸರುವಾಸಿ ಶೋಧಯಂತ್ರವನ್ನು ಕಟ್ಟಿದ ಡಿಜಿಟಲ್ ಕಂಪನಿಯ ಪಾಲೊ ಆಲ್ಟೊ ಪ್ರಯೋಗಾಲಯದಲ್ಲಿ ಇಬ್ಬರೂ ಇದ್ದರು. ಕಂಪ್ಯೂಟರ್ ವಿಜ್ಞಾನಿ ಜಾನ್ ಕ್ಲೈನ್‌ಬರ್ಗ್ ಆಗಷ್ಟೇ ಒಂದು ಸೊಗಸಾದ ಲೆಕ್ಕ ಹೂಡಿದ್ದರು: ಒಳ್ಳೆಯ ಪುಟಗಳಿಗೆ ದಾರಿ ತೋರುವ ಪುಟ ಒಳ್ಳೆಯದು, ಅಂಥ ಪುಟಗಳು ತೋರಿಸಿದ್ದು ನಂಬತಕ್ಕದ್ದು. ಒಂದು ಲಿಂಕ್ ಎಂದರೆ ಒಂದು ಓಟು.

ನಿಜವಾದ ಹುಡುಕಾಟಗಳಿಗೆ ಹಚ್ಚಿ ನೋಡಿದರೆ ಲೆಕ್ಕ ಅಲ್ಲಲ್ಲಿ ದಾರಿ ತಪ್ಪುತ್ತಿತ್ತು. ಸಂಬಂಧವೇ ಇಲ್ಲದ ಪುಟಗಳು ತಲೆಯ ಮೇಲೆ ಬಂದು ಕೂರುತ್ತಿದ್ದವು. ಕೆದಕಿದಾಗ ಸಿಕ್ಕ ಕಾರಣಗಳಲ್ಲಿ ಒಂದು, ನಮ್ಮ ಪಂಚಾಯಿತಿ ಚುನಾವಣೆ ಕಂಡವರಿಗೆ ಹೊಸದೇನಲ್ಲ: ಒಂದೇ ಮನೆಯವರು ಸಾಲಾಗಿ ನಿಂತು ಒಬ್ಬನಿಗೇ ಗುದ್ದುತ್ತಿದ್ದರು. ಒಂದೇ ತಾಣದ ಹತ್ತು ಪುಟಗಳು ಒಂದು ಪುಟದತ್ತ ಬೆರಳು ಮಾಡಿದರೆ ಯಂತ್ರ ಅದನ್ನು ಹತ್ತು ಜನರ ಮಾತೆಂದು ಎಣಿಸುತ್ತಿತ್ತು. ಮದ್ದು ಎಷ್ಟು ಸರಳವೆಂದರೆ ಹೇಳಲು ಸಂಕೋಚವಾಗುತ್ತದೆ. ಹತ್ತರಲ್ಲಿ ಒಂದೊಂದಕ್ಕೂ ಹತ್ತನೇ ಒಂದು ಪಾಲು ಬೆಲೆ. ಒಟ್ಟು ಸೇರಿ ಒಂದೇ ಓಟು.

ಭರತ್ ಮುಂದೆ ಟೊರಾಂಟೊ ವಿಶ್ವವಿದ್ಯಾಲಯದ ಜಾರ್ಜ್ ಮಿಹೈಲಾ ಜತೆ ಇದನ್ನು ಇನ್ನೂ ಬಿಗಿ ಮಾಡಿದರು. 2001ರಲ್ಲಿ ಮಂಡಿಸಿದ ಆ ವಿಧಾನದ ಹೆಸರು ಹಿಲ್‌ಟಾಪ್. ಪರಸ್ಪರ ನಂಟಿಲ್ಲದ ಕನಿಷ್ಠ ಇಬ್ಬರು ಬಲ್ಲವರು ತೋರಿಸಿದ ಪುಟಕ್ಕಷ್ಟೇ ಅಲ್ಲಿ ಜಾಗ. ನಂಟು ಪತ್ತೆಹಚ್ಚುವ ಬಗೆಯಂತೂ ನನಗೆ ಬಹಳ ಇಷ್ಟ: ತಾಣಗಳ ಐಪಿ ವಿಳಾಸದ ನಾಲ್ಕು ಭಾಗಗಳಲ್ಲಿ ಮೊದಲ ಮೂರು ಒಂದೇ ಆಗಿದ್ದರೆ ಇಬ್ಬರೂ ಒಂದೇ ಮನೆಯವರು. ಬಲ್ಲವರು ಸಾಕಷ್ಟು ಸಿಗದಿದ್ದರೆ ಹಿಲ್‌ಟಾಪ್ ಉತ್ತರವನ್ನೇ ಕೊಡುತ್ತಿರಲಿಲ್ಲ.

ಈ ಎಚ್ಚರ ಈಗ ಯಾವ ಒಂದು ಕಂಪನಿಯ ಸೊತ್ತೂ ಅಲ್ಲ. ಕೃತಕವಾಗಿ ಪೇರಿಸಿದ ಲಿಂಕುಗಳಿಗೆ ಗೂಗಲ್‌ನ ನಿಯಮವೂ ಬಿಂಗ್‌ನ ನಿಯಮವೂ ಬೇಡ ಅನ್ನುತ್ತವೆ. ಹಾಗಾಗಿ ಖಾನಾವಳಿಯ ಒಡತಿ ಎರಡೆರಡು ಕಡೆ ಎರಡು ವೇಷ ಹಾಕಬೇಕಿಲ್ಲ. ಭಾರತದಲ್ಲಿ ಹುಡುಕುವವರಲ್ಲಿ ಬಹುತೇಕರು ಗೂಗಲ್‌ನಲ್ಲೇ ಹುಡುಕುತ್ತಾರೆ. ದುಡಿಮೆ ಅಲ್ಲಿಗಿರಲಿ, ಮ್ಯಾಪಿನಲ್ಲಿ ಅಂಗಡಿಯ ಗುರುತು ಮೊದಲು ಬೀಳಲಿ. ಅದಕ್ಕೆ ದುಡ್ಡಿಲ್ಲ. ಯಾಹೂ 2009ರಲ್ಲಿ ಮೈಕ್ರೋಸಾಫ್ಟ್ ಜತೆ ಮಾಡಿಕೊಂಡ ಒಪ್ಪಂದದಿಂದ ಬಿಂಗ್‌ನ ಫಲಿತಾಂಶಗಳನ್ನೇ ಬಡಿಸಲು ಶುರುಮಾಡಿತು. ಡಕ್‌ಡಕ್‌ಗೋ ಕೂಡ ಬಹುಪಾಲು ಅಲ್ಲಿಂದಲೇ ತರುತ್ತದೆ. ಬಿಂಗ್‌ನ ವೆಬ್‌ಮಾಸ್ಟರ್ ಖಾತೆಗೆ ಗೂಗಲ್ ಸರ್ಚ್ ಕನ್ಸೋಲ್‌ನಿಂದ ತಾಣವನ್ನು ನೇರ ಎತ್ತಿಕೊಂಡು ಬರಬಹುದು. ಯಾಹೂಗೆಂದು ಪ್ರತ್ಯೇಕ ಬಿಲ್ ಬಂದರೆ ಕೊಡಬೇಡಿ.

ಆ ರೊಕ್ಕ ಉಳಿದರೆ, ಗುಡಿಯ ಶಿಲ್ಪದ ಬಗ್ಗೆ ಬರೆಯುವವರನ್ನು, ಅಕ್ಟೋಬರಿನ ಕಿತ್ತೂರು ಉತ್ಸವಕ್ಕೆ ಬರುವ ಪ್ರವಾಸ ಲೇಖಕರನ್ನು ಕರೆದು ಊಟಕ್ಕೆ ಕೂರಿಸುವುದು ಮೇಲು. ಬರೆಯುವುದು ಬಿಡುವುದು ಅವರಿಗೆ ಬಿಟ್ಟದ್ದು. ಅಳಿಯನ ಐದು ತಾಣಗಳಿಂದ ಲಿಂಕ್ ಕೊಡಿಸುವ ಆಸೆ ಮಾತ್ರ ಬೇಡ.