ಮೂರು ಕೆಂಪು ದೀಪಗಳ ತಕರಾರು

ವಿಡಿಯೋ ಗೇಮ್ ಕನ್ಸೋಲ್ ಎಂದರೆ ಟಿವಿಗೆ ಜೋಡಿಸಿ ಆಡಲೆಂದೇ ಕಟ್ಟಿದ ಕಂಪ್ಯೂಟರ್. ಒಳಗೆ ಲೆಕ್ಕ ಮಾಡುವ ಒಂದು ಚಿಪ್, ಚಿತ್ರ ಬಿಡಿಸುವ ಇನ್ನೊಂದು ಚಿಪ್, ಒಂದಷ್ಟು ಮೆಮೊರಿ, ಡಿಸ್ಕ್ ಓದುವ ಡ್ರೈವ್, ಗಾಳಿಗೆ ಫ್ಯಾನು. ಈ ಅಧ್ಯಾಯಕ್ಕೆ ಇಷ್ಟು ತಿಳಿದಿದ್ದರೆ ಸಾಕು.

ನಾವು ನೋಡಲಿರುವ ಕನ್ಸೋಲ್, ಮೈಕ್ರೋಸಾಫ್ಟ್ ಕಂಪನಿಯ ಎಕ್ಸ್‌ಬಾಕ್ಸ್ 360. ಅದರ ಮುಂಬದಿಯಲ್ಲಿ ಪವರ್ ಗುಂಡಿಯ ಸುತ್ತ ಬೆಳಕಿನ ಒಂದು ಉಂಗುರ. ಉಂಗುರಕ್ಕೆ ನಾಲ್ಕು ಕಾಲುಭಾಗ. ಎಲ್ಲ ಸರಿಯಿದ್ದಾಗ ಹಸಿರು. ಒಳಗೆ ಗಂಭೀರ ದೋಷ ಕಂಡಾಗ ಮೂರು ಕಾಲುಭಾಗಗಳು ಕೆಂಪಗೆ ಮಿನುಗುತ್ತವೆ, ಆಟ ಅಲ್ಲಿಗೆ ಮುಗಿಯಿತು. ಆಟಗಾರರು ಇದನ್ನು 'ರೆಡ್ ರಿಂಗ್ ಆಫ್ ಡೆತ್' ಎಂದು ಕರೆದರು. ತಮಾಷೆಯೆಂದರೆ ಉಂಗುರ ಪೂರ್ತಿ ಕೆಂಪಾದರೆ ಅಂಥ ಅಪಾಯವೇನೂ ಇಲ್ಲ. ನಾಲ್ಕೂ ದೀಪ ಕೆಂಪಾದರೆ ಟಿವಿಯ ಕೇಬಲ್ ಸರಿಯಾಗಿ ಕೂತಿಲ್ಲವೆಂದು ಅರ್ಥ. ಎರಡು ದೀಪ ಕೆಂಪಾದರೆ ಯಂತ್ರ ಅತಿಯಾಗಿ ಕಾದಿದೆ ಎಂದು. ಈ ಎರಡು ದೀಪದ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಮೈಕ್ರೋಸಾಫ್ಟ್‌ನ ಮೊದಲ ಎಕ್ಸ್‌ಬಾಕ್ಸ್ 2001ರಲ್ಲಿ, ಸೋನಿಯ ಪ್ಲೇಸ್ಟೇಷನ್ 2 ಬಂದು ಒಂದು ವರ್ಷ ಕಳೆದ ಮೇಲೆ ಅಂಗಡಿಗೆ ಬಂದಿತ್ತು. ಅಷ್ಟರಲ್ಲಿ ಮಾರುಕಟ್ಟೆ ಸೋನಿಯ ಕೈಗೆ ಹೋಗಿತ್ತು. ಮುಂದಿನ ಸುತ್ತಿನಲ್ಲಿ ತಾವೇ ಮೊದಲಿರಬೇಕೆಂಬ ಹಟ ಹುಟ್ಟಿದ್ದು ಹೀಗೆ. 2005ರ ಮೇ ತಿಂಗಳಲ್ಲಿ ಎಂಟಿವಿ ವಾಹಿನಿಯಲ್ಲಿ ಯಂತ್ರದ ಮುಖದರ್ಶನವಾಯಿತು. ನವೆಂಬರ್ 22ಕ್ಕೆ ಉತ್ತರ ಅಮೆರಿಕ, ಡಿಸೆಂಬರ್ 2ಕ್ಕೆ ಯುರೋಪ್, 10ಕ್ಕೆ ಜಪಾನ್: ಮೂರು ವಾರಗಳೊಳಗೆ ಮೂರು ಖಂಡಗಳಲ್ಲಿ ಮಾರಾಟ. ಹಾರ್ಡ್ ಡಿಸ್ಕ್ ಇದ್ದ ಮಾದರಿಗೆ 399 ಡಾಲರ್, ಇಲ್ಲದ್ದಕ್ಕೆ 299. ಪ್ಲೇಸ್ಟೇಷನ್ 3 ಬಂದದ್ದು ಮರುವರ್ಷದ ನವೆಂಬರ್‌ನಲ್ಲಿ. ಓಟದಲ್ಲಿ ಒಂದು ವರ್ಷದ ಮುನ್ನಡೆ ಸಿಕ್ಕಿತು.

ದೂರುಗಳೂ ಮೊದಲ ವಾರಗಳಲ್ಲೇ ಶುರುವಾದವು. ನೂರಕ್ಕೆ ಮೂರರಿಂದ ಐದು ಯಂತ್ರ ಕೆಡುವುದು ಈ ಉದ್ಯಮದಲ್ಲಿ ಮಾಮೂಲು, ತಮ್ಮದೂ ಅದರೊಳಗೇ ಇದೆ ಎಂದು ಕಂಪನಿ ಹೇಳುತ್ತ ಬಂತು. ತಯಾರಿಕೆಯ ಹಂತದಲ್ಲೇ ದೋಷ ವಿಪರೀತವಾಗಿತ್ತು, ಎಚ್ಚರಿಕೆ ಕೊಟ್ಟವರೂ ಇದ್ದರು ಎಂಬುದನ್ನು ಪತ್ರಕರ್ತ ಡೀನ್ ತಕಹಾಶಿ 2008ರಲ್ಲಿ ದೀರ್ಘ ವರದಿಯೊಂದರಲ್ಲಿ ಬಿಡಿಸಿಟ್ಟರು. 2009ರಲ್ಲಿ ಸ್ಕ್ವೇರ್‌ಟ್ರೇಡ್ ಎಂಬ ವಾರಂಟಿ ಕಂಪನಿ ತನ್ನ ಗ್ರಾಹಕರ ಲೆಕ್ಕ ತೆಗೆದಾಗ ಎರಡು ವರ್ಷಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಎಕ್ಸ್‌ಬಾಕ್ಸ್ 360 ಕೆಟ್ಟಿತ್ತು.

ಯಾಕೆ ಕೆಟ್ಟಿತು? ಈ ವಿಷಯ ಎತ್ತಿದಾಗೆಲ್ಲ ಸಭೆಯಿಂದ ಬರುವ ಉತ್ತರ ಒಂದೇ: 'ಓವರ್‌ಹೀಟ್ ಆಯ್ತು ಸಾರ್, ಬೆಸುಗೆ ಕರಗಿಹೋಯ್ತು.' ಅನುಮಾನಕ್ಕೆ ಕಾರಣವಿಲ್ಲದಿಲ್ಲ. ಗ್ರಾಫಿಕ್ಸ್ ಚಿಪ್ಪಿನ ಮೇಲೆಯೇ ಡಿವಿಡಿ ಡ್ರೈವ್ ಕೂರಿಸಿದ್ದರು, ಹಾಗಾಗಿ ಅದರ ಶಾಖಹೀರುಕವನ್ನು ಗಿಡ್ಡವಾಗಿ ಮಾಡಬೇಕಾಯಿತು. ಒಳಗೆ ಕೈಯಿಟ್ಟರೆ ಸುಡುವಷ್ಟು ಬಿಸಿ. ಆದರೆ ಆ ಎರಡು ದೀಪಗಳನ್ನು ನೆನೆಸಿಕೊಳ್ಳಿ. ಅತಿಯಾಗಿ ಕಾದರೆ ತಿಳಿಸಲು ಯಂತ್ರಕ್ಕೆ ಬೇರೆಯೇ ಸಂಕೇತವಿತ್ತು. ಲಕ್ಷಾಂತರ ಮನೆಗಳಲ್ಲಿ ಮಿನುಗಿದ್ದು ಆ ಸಂಕೇತವಲ್ಲ. ಇನ್ನು ಬೆಸುಗೆಯ ಮಾತು. ಸೀಸವಿಲ್ಲದ ಬೆಸುಗೆ, ಅಂದರೆ ತವರ, ಬೆಳ್ಳಿ, ತಾಮ್ರಗಳ ಮಿಶ್ರಣ, ಕರಗುವುದು ಸುಮಾರು 217 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಷ್ಟು ಬಿಸಿಯಾಗುವುದಕ್ಕೆ ಬಹಳ ಮೊದಲೇ ಚಿಪ್ ತಾನಾಗಿ ಕೆಲಸ ನಿಲ್ಲಿಸುತ್ತದೆ. ಕರಗುವ ಪ್ರಶ್ನೆಯೇ ಬರುವುದಿಲ್ಲ.

ಹಾಗಾದರೆ ಒಳಗೆ ನಡೆದದ್ದೇನು ಎಂಬುದಕ್ಕೆ ಚಿಪ್ಪಿನ ಕೆಳಗೆ ಇಣುಕಬೇಕು. ನಾವು ಚಿಪ್ ಎಂದು ಕರೆಯುವ ಚೌಕದಲ್ಲಿ ಎರಡು ಅಂತಸ್ತುಗಳಿವೆ. ಮೇಲೆ ಹೊಳೆಯುವ ಸಿಲಿಕಾನ್ ತುಣುಕು. ಅದರ ಕೆಳಗೆ ಗಾಜುನಾರು ಮತ್ತು ರಾಳದಿಂದ ಮಾಡಿದ ಹಸಿರು ಹಲಗೆ. ಸಿಲಿಕಾನ್ ಈ ಹಲಗೆಯ ಮೇಲೆ ಮುಖ ಕೆಳಗಾಗಿ ಕೂತಿರುತ್ತದೆ. ನಡುವೆ ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟು ಎತ್ತರದ ನೂರಾರು ಬೆಸುಗೆ ಮಣಿಗಳು. ಹಲಗೆ ಮದರ್‌ಬೋರ್ಡಿಗೆ ಅಂಟಿರುವುದು ಇನ್ನಷ್ಟು ದಪ್ಪನೆಯ ಬೇರೆ ಮಣಿಗಳಿಂದ. ಸಣ್ಣ ಮಣಿ, ದೊಡ್ಡ ಮಣಿ ಎಂದು ಕರೆಯೋಣ. ರಿಪೇರಿಯವರ ಗಮನವೆಲ್ಲ ದೊಡ್ಡ ಮಣಿಗಳ ಮೇಲೆ, ಅವು ಕೈಗೆ ಸಿಗುತ್ತವಲ್ಲ.

ಬಿಸಿ ಮಾಡಿದರೆ ವಸ್ತು ಹಿಗ್ಗುತ್ತದೆ ಎಂಬುದು ಶಾಲೆಯ ಪಾಠ. ಎಲ್ಲವೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ ಎಂಬ ಅದೇ ಪಾಠದ ಎರಡನೇ ಸಾಲನ್ನು ನಾವು ಮರೆತುಬಿಡುತ್ತೇವೆ. ಒಂದು ಸೆಂಟಿಮೀಟರ್ ಅಗಲದ ಸಿಲಿಕಾನ್ 50 ಡಿಗ್ರಿ ಬಿಸಿಯೇರಿದರೆ ಹಿಗ್ಗುವುದು ಸುಮಾರು ಒಂದೂಕಾಲು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್). ಅದೇ ಅಳತೆಯ ಹಸಿರು ಹಲಗೆ ಎಂಟು ಮೈಕ್ರಾನ್‌ನಷ್ಟು ಹಿಗ್ಗುತ್ತದೆ. ವ್ಯತ್ಯಾಸ ಆರು ಮೈಕ್ರಾನ್‌ಗೂ ಹೆಚ್ಚು. ನಡುವಿನಿಂದ ಎರಡೂ ಅಂಚಿಗೆ ಹಂಚಿದರೆ ಪ್ರತಿ ಅಂಚಿನಲ್ಲೂ ಮೂರು ಚಿಲ್ಲರೆ. ಇದೇನು ಮಹಾ ಎನ್ನಬೇಡಿ. ನೂರು ಮೈಕ್ರಾನ್ ಎತ್ತರದ ಮಣಿಯ ತಲೆಯನ್ನು ಸಿಲಿಕಾನ್ ಹಿಡಿದುಕೊಂಡಿದೆ, ಕಾಲನ್ನು ಹಲಗೆ ಮೂರು ಮೈಕ್ರಾನ್ ಆಚೆಗೆ ಎಳೆಯುತ್ತಿದೆ. ನೂರಕ್ಕೆ ಮೂರರಷ್ಟು ಓರೆ. ಲೋಹಗಳು ಮೊದಲಿನ ಆಕಾರಕ್ಕೆ ಮರಳುವಂತೆ ತಾಳಿಕೊಳ್ಳುವುದು ನೂರಕ್ಕೆ ಒಂದಕ್ಕಿಂತ ಎಷ್ಟೋ ಕಡಿಮೆ ಓರೆಯನ್ನು. ಆಟ ಮುಗಿಸಿ ಸ್ವಿಚ್ ಆರಿಸಿದಾಗ ಎಲ್ಲವೂ ತಣಿದು ಮಣಿ ಈಚೆಗೆ ಎಳೆಯಲ್ಪಡುತ್ತದೆ. ನಾಳೆ ಮತ್ತೆ ಆಚೆಗೆ.

ಬೆಸುಗೆಗೆ ಇದು ಇನ್ನೂ ಕಷ್ಟ, ಯಾಕೆಂದರೆ ಅದು ಕೋಣೆಯ ತಾಪದಲ್ಲೇ 'ಬಿಸಿ'. ಲೋಹವೊಂದು ಎಷ್ಟು ಮೆತ್ತಗಿದೆ ಎಂಬುದನ್ನು ತೀರ್ಮಾನಿಸುವುದು ಅದರ ಕರಗುವ ಬಿಂದುವಿಗೆ ಅದು ಎಷ್ಟು ಹತ್ತಿರದಲ್ಲಿದೆ ಎಂಬುದು, ಅದೂ ಕೆಲ್ವಿನ್ ಮಾಪನದಲ್ಲಿ. ನಮ್ಮ ಬೆಸುಗೆ ಕರಗುವುದು 490 ಕೆಲ್ವಿನ್‌ನಲ್ಲಿ. ಕೋಣೆಯ ತಾಪ 298. ಅಂದರೆ ಕರಗುವ ಬಿಂದುವಿನ ಶೇಕಡ 60ರಷ್ಟು ದಾರಿ ಆಗಲೇ ಸವೆದಿದೆ. ಕಬ್ಬಿಣವನ್ನು ಅದೇ ಪ್ರಮಾಣಕ್ಕೆ ತರಬೇಕಾದರೆ 800 ಡಿಗ್ರಿ ಸೆಲ್ಸಿಯಸ್ ದಾಟಿಸಬೇಕು. ಕಮ್ಮಾರನ ಕುಲುಮೆಯಿಂದ ಆಗಷ್ಟೇ ತೆಗೆದ, ಸುತ್ತಿಗೆ ಬಿದ್ದರೆ ಹೇಳಿದ ಹಾಗೆ ಬಾಗುವ ಕೆಂಪು ಕಬ್ಬಿಣ ಅದು. ನಿಮ್ಮ ಮೊಬೈಲ್‌ನೊಳಗಿನ ಬೆಸುಗೆ ಈಗ ನಿಮ್ಮ ಜೇಬಿನಲ್ಲಿ ಆ ಸ್ಥಿತಿಯಲ್ಲಿದೆ. (ಈ ಲೆಕ್ಕವನ್ನು ಮೊದಲ ಸಲ ಮಾಡಿನೋಡಿದವರು ಯಾರೇ ಆಗಲಿ ಒಂದು ಗಳಿಗೆ ಸುಮ್ಮನಾಗುತ್ತಾರೆ.) ಹೀಗೆ ಮೆತ್ತಗಿರುವ ಲೋಹ ಒತ್ತಡಕ್ಕೆ ನಿಧಾನವಾಗಿ ಜರುಗುತ್ತದೆ, ಜರುಗಿದ್ದು ಮರಳುವುದಿಲ್ಲ. ದಿನದಿನದ ಎಳೆದಾಟದಲ್ಲಿ ಒಳಗೊಂದು ಸೀಳು ಹುಟ್ಟಿ ಮಣಿಯ ಅಡ್ಡಕ್ಕೆ ಹಬ್ಬುತ್ತದೆ. ಇದೇ ಲೋಹದ ದಣಿವು.

ಈ ದಣಿವಿನ ಲೆಕ್ಕವನ್ನು 1950ರ ದಶಕದಲ್ಲಿ ಅಮೆರಿಕದ ಕಾಫಿನ್ ಮತ್ತು ಮ್ಯಾನ್ಸನ್ ಬೇರೆ ಬೇರೆಯಾಗಿ ಕಂಡುಕೊಂಡರು. ಅವರ ನಿಯಮದ ಸಾರ ಇಷ್ಟು: ಎಳೆದಾಟದ ವ್ಯಾಪ್ತಿಯನ್ನು ಅರ್ಧಕ್ಕಿಳಿಸಿದರೆ ಲೋಹ ಸುಮಾರು ನಾಲ್ಕು ಪಟ್ಟು ಹೆಚ್ಚು ಸುತ್ತುಗಳನ್ನು ತಾಳುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ಏರಿಳಿತ, ಏರಿದ ತುತ್ತತುದಿಯಷ್ಟೇ ಅಲ್ಲ. ಒಂದೇ ಬಿಸಿಯಲ್ಲಿ ತಿಂಗಳಿಡೀ ಓಡುವ ಯಂತ್ರಕ್ಕಿಂತ ದಿನಕ್ಕೆ ನಾಲ್ಕು ಸಲ ಹಚ್ಚಿ ಆರಿಸುವ ಯಂತ್ರದ ಮಣಿಗಳೇ ಬೇಗ ಸೀಳಬಹುದು. ಓವರ್‌ಹೀಟ್ ಎಂಬ ವಿವರಣೆಯಲ್ಲಿ ಈ ಸಂಗತಿಗೆ ಜಾಗವೇ ಇಲ್ಲ.

2021ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಚರಿತ್ರೆಯನ್ನು 'ಪವರ್ ಆನ್' ಎಂಬ ಸಾಕ್ಷ್ಯಚಿತ್ರವಾಗಿ ಬಿಡುಗಡೆ ಮಾಡಿತು. ಅದರಲ್ಲಿ ಯಂತ್ರಾಂಶದ ಹೊಣೆ ಹೊತ್ತಿದ್ದ ಟಾಡ್ ಹೋಮ್‌ಡಾಲ್ ಕೊಟ್ಟ ವಿವರಣೆ ಇದೇ ಜಾಡಿನದು. ಸಂಪರ್ಕ ತುಂಡಾದದ್ದು ಬಿಡಿಭಾಗದ ಒಳಗೆ, ತುಂಡರಿಸಿದ್ದು ಹಚ್ಚಿ ಆರಿಸುವಾಗಿನ ತಾಪದ ಏರಿಳಿತ. ಒಳಗೆ ಎಂದರೆ ನಮ್ಮ ಲೆಕ್ಕದ ಸಣ್ಣ ಮಣಿಗಳ ಮಟ್ಟ. ಸಣ್ಣ ಮಣಿಗಳ ನಡುವೆ ರಾಳದ ಅಂಟೊಂದನ್ನು ತುಂಬಿರುತ್ತಾರೆ, ಎಳೆತವನ್ನು ಅದು ಹಂಚಿಕೊಳ್ಳಲಿ ಎಂದು. ಪ್ರತಿ ರಾಳಕ್ಕೂ ಮೆತ್ತಗಾಗುವ ಒಂದು ತಾಪವಿದೆ. ಚಿಪ್ ಓಡುವ ತಾಪ ಅದನ್ನು ದಾಟಿತೋ, ಅಂಟು ಕೈಬಿಡುತ್ತದೆ, ಭಾರವೆಲ್ಲ ಮಣಿಯ ಮೇಲೆ. ಅಂಟಿನ ಆಯ್ಕೆ ತಪ್ಪಿದರೆ ಫ್ಯಾನು ಎಷ್ಟು ದೊಡ್ಡದಿದ್ದರೂ ಪ್ರಯೋಜನ ಅಷ್ಟಕ್ಕಷ್ಟೆ. ಅದೇ ಕಾಲದಲ್ಲಿ, 2008ರ ಜುಲೈನಲ್ಲಿ, ಎನ್‌ವಿಡಿಯಾ ಕಂಪನಿ ಲ್ಯಾಪ್‌ಟಾಪ್ ಚಿಪ್ಪುಗಳ ಇಂಥದೇ ಪ್ಯಾಕೇಜಿಂಗ್ ದೋಷಕ್ಕೆಂದು 15ರಿಂದ 20 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಎಲ್ಲ ತಪ್ಪನ್ನೂ ಸೀಸವಿಲ್ಲದ ಬೆಸುಗೆಯ ತಲೆಗೆ ಕಟ್ಟುವವರಿದ್ದಾರೆ. ಯುರೋಪಿನ ನಿಯಮ 2006ರ ಜುಲೈನಿಂದ ಸೀಸವನ್ನು ನಿರ್ಬಂಧಿಸಿದ ಮೇಲೆ ಕೋಟ್ಯಂತರ ಉಪಕರಣಗಳು ಸೀಸವಿಲ್ಲದೆಯೇ ಬಾಳಿವೆ. ಆ ಆರೋಪ ನನಗೆ ಅರ್ಧಕ್ಕಿಂತ ಹೆಚ್ಚು ಒಪ್ಪಿಗೆಯಾಗಿಲ್ಲ.

ಈಗ ಟವೆಲ್ ಚಿಕಿತ್ಸೆಗೆ ಬರೋಣ. ಕೆಟ್ಟ ಕನ್ಸೋಲನ್ನು ಟವೆಲ್‌ಗಳಲ್ಲಿ ಸುತ್ತಿ, ಗಾಳಿಯ ದಾರಿ ಮುಚ್ಚಿ, ಇಪ್ಪತ್ತು ನಿಮಿಷ ಹಚ್ಚಿಟ್ಟರೆ ಸರಿಹೋಗುತ್ತದೆ ಎಂಬ ಸಲಹೆ ಲೋಕವೆಲ್ಲ ಸುತ್ತಿತು. ವಿಪರ್ಯಾಸವೆಂದರೆ ಎಷ್ಟೋ ಸಲ ಸರಿಹೋಗುತ್ತಿತ್ತು! ಬೆಸುಗೆ ಕರಗಿ ಮತ್ತೆ ಕೂಡಿತು ಎಂದು ಜನ ನಂಬಿದರು. ಕರಗಲು 217 ಡಿಗ್ರಿ ಬೇಕು, ಟವೆಲ್ಲಿನೊಳಗೆ ಅದು ಬರುವ ಮಾತಿಲ್ಲ. ಆದದ್ದು ಇಷ್ಟೇ: ಬಿಸಿಗೆ ಭಾಗಗಳು ಹಿಗ್ಗಿ ಬಾಗಿ, ಸೀಳಿದ ಮಣಿಯ ಎರಡು ತುಂಡುಗಳು ಒಂದನ್ನೊಂದು ಒತ್ತಿದವು, ವಿದ್ಯುತ್ ಹರಿಯಿತು. ಸೀಳು ಹಾಗೇ ಇತ್ತು. ಕೆಲವು ಗಂಟೆಯೋ ಕೆಲವು ದಿನವೋ ಆಡಿದ ಮೇಲೆ ಮತ್ತೆ ಮೂರು ದೀಪ, ಮತ್ತೆ ಟವೆಲ್. ಪ್ರತಿ ಚಿಕಿತ್ಸೆಯೂ ಎಂದಿಗಿಂತ ದೊಡ್ಡದಾದ ಇನ್ನೊಂದು ಏರಿಳಿತವನ್ನು ಸೇರಿಸುತ್ತಿತ್ತು. ಬೆಂಕಿಯ ಅಪಾಯ ಬೇರೆ. ಹೀಟ್ ಗನ್ನಿನ ಕಥೆ ಕೊಂಚ ಭಿನ್ನ: ಅದು 217 ದಾಟಿಸಬಲ್ಲದು, ದೊಡ್ಡ ಮಣಿಗಳನ್ನು ಕರಗಿಸಬಲ್ಲದು. ಅಂಟಿನೊಳಗೆ ಹೂತು, ಸೀಳಿನ ಮೈಯೆಲ್ಲ ಆಕ್ಸೈಡ್ ಕಟ್ಟಿಕೊಂಡ ಸಣ್ಣ ಮಣಿಯನ್ನು ಅದು ನೆಟ್ಟಗೆ ಕೂಡಿಸಲಾರದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 'ಚಿಪ್ ಲೆವೆಲ್ ಸರ್ವಿಸ್' ಬೋರ್ಡಿನ ಕೆಳಗೆ ನಿಂತು ಲ್ಯಾಪ್‌ಟಾಪ್ ರಿಪೇರಿ ಮಾಡಿಸಿದವರಿಗೆ ಇದರ ಅನುಭವ ಇದ್ದೀತು: ರೀಬಾಲಿಂಗ್, ಅಂದರೆ ದೊಡ್ಡ ಮಣಿಗಳನ್ನು ತೆಗೆದು ಹೊಸದಾಗಿ ಕೂರಿಸುವುದು, ಆಯಿತು, ಪರದೆ ಬಂತು, ವಾರಂಟಿ ಮಾತ್ರ ಕೊಡಲೊಲ್ಲರು. ಅವರ ಕೈಚಳಕದಲ್ಲಿ ಕೊರತೆಯಿಲ್ಲ. ಸೀಳಿರುವುದು ಅವರ ಕೈ ತಲುಪದ ಅಂತಸ್ತಿನಲ್ಲಿ.

ಕಂಪನಿ ಕೊನೆಗೆ ತಲೆಬಾಗಿದ್ದು 2007ರ ಜುಲೈ 5ರಂದು. ಮೂರು ದೀಪದ ದೋಷಕ್ಕೆ ಕೊಂಡ ದಿನದಿಂದ ಮೂರು ವರ್ಷ ಉಚಿತ ದುರಸ್ತಿ, ಆಗಲೇ ದುಡ್ಡು ತೆತ್ತವರಿಗೆ ವಾಪಸು. ಇದಕ್ಕೆಂದು ತೆಗೆದಿಟ್ಟ ಮೊತ್ತ 105ರಿಂದ 115 ಕೋಟಿ ಡಾಲರ್. ಆಗ ವಿಭಾಗದ ಮುಂಚೂಣಿಯಲ್ಲಿದ್ದ ಪೀಟರ್ ಮೂರ್ ಮುಂದೊಮ್ಮೆ ನೆನಪಿಸಿಕೊಂಡಂತೆ, ಅದರಲ್ಲಿ 24 ಕೋಟಿಯಷ್ಟು ಬರೀ ಕೊರಿಯರ್ ಖರ್ಚು. ಮೊತ್ತ ಕೇಳಿದ ಕಂಪನಿಯ ಆಗಿನ ಮುಖ್ಯಸ್ಥ ಸ್ಟೀವ್ ಬಾಲ್ಮರ್ ತಡಮಾಡದೆ ಒಪ್ಪಿದರಂತೆ. ಯಂತ್ರ ವಾಪಸು ಕಳಿಸಲು ಮನೆಗೆ ಬರುತ್ತಿದ್ದ ಖಾಲಿ ಡಬ್ಬಿಯನ್ನು ಆಟಗಾರರು ಶವಪೆಟ್ಟಿಗೆ ಎಂದೇ ಕರೆಯುತ್ತಿದ್ದರು. 2009ರ ಏಪ್ರಿಲ್‌ನಲ್ಲಿ ಒಂದೇ ದೀಪ ಕೆಂಪಾಗುವ ಇ74 ದೋಷವನ್ನೂ ಇದೇ ವಾರಂಟಿಗೆ ಸೇರಿಸಿದರು.

ಯಂತ್ರ ಸುಧಾರಿಸಿದ್ದು ಮೆಲ್ಲಗೆ. ಚಿಪ್ಪುಗಳ ತಯಾರಿಕೆಯ ಸೂಕ್ಷ್ಮ ಅಳತೆ ಹಂತಹಂತವಾಗಿ 90ರಿಂದ 65 ನ್ಯಾನೋಮೀಟರಿಗೆ ಇಳಿಯಿತು. ಅದರೊಂದಿಗೆ ವಿದ್ಯುತ್ ಅಡಾಪ್ಟರಿನ ಸಾಮರ್ಥ್ಯ 203 ವಾಟ್‌ನಿಂದ 175ಕ್ಕೆ, ಮತ್ತೆ 150ಕ್ಕೆ ಇಳಿಯಿತು. ವಾಟ್ ಇಳಿದರೆ ಬಿಸಿಯ ಏರಿಳಿತ ಇಳಿಯುತ್ತದೆ, ಮುಂದಿನದನ್ನು ಕಾಫಿನ್ ಮತ್ತು ಮ್ಯಾನ್ಸನ್ ಹೇಳಿದ್ದಾರೆ. 2010ರ ಹೊಸ ಮಾದರಿಯಲ್ಲಿ ಎರಡೂ ಚಿಪ್ ಒಂದಾದವು, ಕೆಂಪು ಉಂಗುರವನ್ನೇ ತೆಗೆದುಹಾಕಿದರು. ಇಷ್ಟೆಲ್ಲ ಆಗಿಯೂ ಎಕ್ಸ್‌ಬಾಕ್ಸ್ 360 ಒಟ್ಟು 8 ಕೋಟಿಗಿಂತ ಹೆಚ್ಚು ಮಾರಾಟವಾಯಿತು ಎಂಬುದು ಮಾರುಕಟ್ಟೆಯ ವಿಚಿತ್ರ.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕ್ರೀಪ್ (ನಿಧಾನದ ಜರುಗು), ಫಟೀಗ್ (ದಣಿವು) ಎಂಬ ಎರಡು ಅಧ್ಯಾಯಗಳನ್ನು ಪರೀಕ್ಷೆಯ ಹತ್ತು ಅಂಕಕ್ಕೆಂದು ಓದಿ ಮರೆಯುವ ರೂಢಿಯಿದೆ. ಎಲೆಕ್ಟ್ರಾನಿಕ್ಸ್ ಓದುವವರಿಗೆ ಅವು ಮೆಕ್ಯಾನಿಕಲ್‌ನವರ ಸಂಗತಿ, ಮೆಕ್ಯಾನಿಕಲ್‌ನವರಿಗೆ ಚಿಪ್ಪು ತಮ್ಮದಲ್ಲ. ನೂರು ಕೋಟಿ ಡಾಲರ್ ಬಿದ್ದುಹೋದದ್ದು ಈ ಎರಡು ವಿಭಾಗಗಳ ನಡುವಿನ ಕಂದಕದಲ್ಲಿ. ದಯವಿಟ್ಟು ಆ ಅಧ್ಯಾಯಗಳಿಗೆ ಮರಳಿ. ಗುಜರಿಯಿಂದ ಒಂದು ಸತ್ತ ಬೋರ್ಡ್ ತನ್ನಿ. ಚಿಪ್ಪಿನ ಕೆಳಗೆ ಕೆಂಪು ಬಣ್ಣದ ದ್ರವ ಇಳಿಸಿ, ಒಣಗಿದ ಮೇಲೆ ಚಿಪ್ಪನ್ನು ಕಿತ್ತು ಸೂಕ್ಷ್ಮದರ್ಶಕದಡಿ ಇಟ್ಟರೆ, ಮೊದಲೇ ಸೀಳಿದ್ದ ಮಣಿಗಳ ಒಡಕಿನ ಮೈ ಬಣ್ಣ ಹತ್ತಿ ಕಾಣುತ್ತದೆ. ಕೀಳುವಾಗ ಮುರಿದವು ಬೆಳ್ಳಗೇ ಇರುತ್ತವೆ. ಕೈಗಾರಿಕೆಗಳು ಇಂದಿಗೂ ಬಳಸುವ ಪರೀಕ್ಷೆ ಇದು. ಕಾಣುವುದು ದೊಡ್ಡ ಮಣಿಗಳಷ್ಟೇ. ಅಂಟಿನೊಳಗಿನ ಸಣ್ಣ ಮಣಿಗಳನ್ನು ನೋಡಲು ಚಿಪ್ಪನ್ನು ರಾಳದಲ್ಲಿ ಹುದುಗಿಸಿ, ಅಡ್ಡ ಕೊಯ್ದು, ನುಣುಪಾಗಿ ಉಜ್ಜಬೇಕು. ಅದಕ್ಕೆ ತಾಳ್ಮೆ ಬೇಕು, ಆದರೆ ಲೋಹಶಾಸ್ತ್ರದ ಪ್ರಯೋಗಾಲಯವಿರುವ ಯಾವ ಕಾಲೇಜಿನಲ್ಲೂ ಆದೀತು. ಇವತ್ತು ನಮ್ಮ ರಸ್ತೆಗಳಲ್ಲಿ ಓಡುವ ವಿದ್ಯುತ್ ಸ್ಕೂಟರಿನ ಮೋಟಾರು ನಿಯಂತ್ರಕದ ಬೆಸುಗೆಯೂ ಪ್ರತಿ ಸಿಗ್ನಲ್ಲಿನಲ್ಲಿ ತಣಿದು, ಪ್ರತಿ ಏರಿನಲ್ಲಿ ಕಾಯುತ್ತಿದೆ. ಅದು ಎಷ್ಟು ಸುತ್ತು ತಾಳೀತು ಎಂದು ಲೆಕ್ಕ ಹಾಕಬಲ್ಲ ಹುಡುಗ ಹುಡುಗಿಯರು ನಮಗೆ ಈಗಲೇ ಬೇಕು.